ಮೂರು ಹಲ್ಲಿನ ಪಟ್ಟಿ

೩ ಜೂನ್, ಬೆಳಿಗ್ಗೆ ೮

ಸಭೆಯಲ್ಲಿ ಆಸೀನರಾದ ಗಣ್ಯರೇ, ಕಿಟಕಿಯಲ್ಲಿ ಆಸೀನರಾದ ಪಾರಿವಾಳಗಳೇ— ಅನಗೋಳದ ನಾಮಫಲಕ ಸಾಮ್ರಾಟ ಇಂದೂ ಒಬ್ಬನೇ ಉಪ್ಪಿಟ್ಟು ಮಾಡಿ, ಒಬ್ಬನೇ ತಿಂದು, ಒಬ್ಬನೇ ಹೊಗಳಿದ್ದಾನೆ.

ಅಕ್ಕ ಸಂಗವ್ವನ ಫೋನು, ನಮ್ಮೂರು ಹಲಸಿಯಿಂದ. ಅಪ್ಪನಿಗೆ ಎದ್ದು ಕೂರಲೂ ಆಗುತ್ತಿಲ್ಲವಂತೆ. ಒಮ್ಮೆ ಬಂದು ಹೋಗು ಅಂದಳು. ಅರ್ಜೆಂಟ್ ಆರ್ಡರ್ ಇದೆ ಅಂದೆ. ಅಪ್ಪನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ. ಶಾಲೆಯ ನೌಕರಿ ಬಿಟ್ಟು ಹಿತ್ತಾಳೆ ಕೆತ್ತಲು ಕುಳಿತ ದಿನ, "ನಿನ್ನ ಅಂಗಡಿ ಬೋರ್ಡಿನ ಮ್ಯಾಲ ನನ್ನ ಹೆಸರು ಬರೀಬ್ಯಾಡ" ಅಂದಿದ್ದರು. ಬರೆದಿಲ್ಲ. ವಿಧೇಯ ಮಗ.

೫ ಜೂನ್

ಆರ್ಡರ್ ಇರುವುದು ಸುಳ್ಳಲ್ಲ. ಖಾನಾಪುರದ ಅಮರ. ಅವನ ಪೂರ್ವಜನೊಬ್ಬ ಸ್ಕಾಟ್ಲಂಡಿನಿಂದ ರೈಲು ಹಳಿ ಹಾಕಿಸಲು ಬಂದು, ಇಲ್ಲೇ ಮದುವೆಯಾಗಿ ಉಳಿದವ. ಗೇಟಿಗೆ ಲಾಂಛನ ಬೇಕಂತೆ. ತಂದ ಕಾಗದದಲ್ಲಿ ಗುರಾಣಿ. ಅದರೊಳಗೆ ಜಿಂಕೆ— ಅಲ್ಲಿಯ ಗುಡ್ಡದ ಗುರುತು. ಕೆಳಗೆ ನೀಲಿ ಅಲೆ— ಇಲ್ಲಿಯ ಮಲಪ್ರಭೆ, ಅಮರನ ಅಪ್ಪ ಸೇರಿಸಿದ್ದು.

ಜಿಂಕೆಗೆ ಕೋಡು, ಹೊಳೆಗೆ ಜಾಡು,
ಕೆತ್ತುವವನಿಗೆ ಅವನದೇ ಪಾಡು.

ಗುರಾಣಿಯ ನೆತ್ತಿಯಲ್ಲಿ ಪೆನ್ಸಿಲ್‌ನಲ್ಲಿ ಎಳೆದ ಮೂರು ಹಲ್ಲಿನ ಪಟ್ಟಿ. ಮುರಿದ ಬಾಚಣಿಗೆಯ ಹಾಗೆ. ಅಳತೆಯ ಗೆರೆ ಇರಬೇಕು. ಬಿಟ್ಟುಬಿಟ್ಟೆ.

೧೧ ಜೂನ್, ಮಧ್ಯಾಹ್ನ

ಅಮರ ಫಲಕ ನೋಡಿ ಗುರಾಣಿಯ ನೆತ್ತಿಯ ಮೇಲೆ ಬೆರಳಾಡಿಸಿದ. ಪಟ್ಟಿ ಎಲ್ಲಿ ಅಂತ ಕೇಳಿದ. ಅಳತೆಯ ಗೆರೆ ಅಂದುಕೊಂಡು ಬಿಟ್ಟೆ ಅಂದೆ.

ಸ್ಕಾಟ್ಲಂಡಿನಲ್ಲಿ ಲಾಂಛನ ಮನೆತನದ್ದಲ್ಲವಂತೆ, ಒಬ್ಬನದು. ಹಿರಿಮಗ ಅದನ್ನು ಹಾಕಿಕೊಂಡರೆ, ಅಪ್ಪ ಇರುವತನಕ ಮೇಲೆ ಆ ಪಟ್ಟಿ ಇರಬೇಕು. ಅಪ್ಪ ಹೋದ ಮೇಲೆ ತೆಗೆಯುವುದು.

"ನಮ್ಮಪ್ಪ ಇನ್ನೂ ದಿನಾ ಚಾ ಕುಡದು ನನಗ ಬೈತಾನ್ರೀ. ನೀವು ಮ್ಯಾಲ ಕಳಿಸೇಬಿಟ್ರಿ."

ಇಬ್ಬರೂ ನಕ್ಕೆವು. ಬೇರೆ ಕೆತ್ತಿ, ಖಾನಾಪುರಕ್ಕೆ ನಾನೇ ತಂದು ಕೊಡುತ್ತೇನೆ ಅಂದೆ. ಹೊರಡುವಾಗ ಕೇಳಿದ, "ನಿಮ್ಮಪ್ಪಾರು ಅದಾರೇನ್ರಿ?"

ಇಲ್ಲ ಅಂದೆ.

ಎಷ್ಟು ಸಲೀಸಾಗಿ ಬಂತು.

೧೯ ಜೂನ್

ಅಕ್ಕನ ಫೋನು ಎರಡು ಸಲ. ಎತ್ತಲಿಲ್ಲ. ಸೂಕ್ಷ್ಮ ಕೆಲಸ, ಸಭಿಕರೇ. ಒಂದೊಂದು ಹಲ್ಲಿಗೂ ಒಂದೊಂದು ದಿನ.

೨೨ ಜೂನ್, ಬೆಳಿಗ್ಗೆ

ಅಕ್ಕನ ವಾಯ್ಸ್ ಮೆಸೇಜ್. "ತಮ್ಮಾ, ಅಪ್ಪ ದಿನಾ ಬಾಗಿಲ ಕಡೆ ನೋಡ್ತಾನ. ಯಾಕ ಅಂತ ಕೇಳಿದ್ರ, ಮಳಿ ನೋಡಾಕತ್ತೇನಿ ಅಂತಾನ."

ಮೂರು ಸಲ ಕೇಳಿದೆ.

ಗಣ್ಯರೇ—

ಇಲ್ಲ. ಸಭೆ ಗಿಭೆ ಏನೂ ಇಲ್ಲ. ಫಲಕ ಹದಿಮೂರನೇ ತಾರೀಖಿಗೇ ಮುಗಿದಿದೆ. ಬಟ್ಟೆ ಸುತ್ತಿ ಇಟ್ಟಿದ್ದೇನೆ. ಖಾನಾಪುರಕ್ಕೆ ಹೋದರೆ ಅಲ್ಲೇ ಹತ್ತಿರದ ಹಲಸಿಗೆ ಹೋಗದಿರಲು ನೆಪ ಉಳಿಯುವುದಿಲ್ಲ. ಅದಕ್ಕೇ ಒಯ್ದಿಲ್ಲ. ನನ್ನ ನೋಡಿ ಅಪ್ಪ ಗೋಡೆ ಕಡೆ ತಿರುಗಿದರೆ... ತಿರುಗದೇ ಇದ್ದರೆ ಇನ್ನೂ ಕಷ್ಟ.

ಅಪ್ಪ ಇದ್ದಾರೆ. ಇರುವಾಗಲೇ ನಾನು ಪಟ್ಟಿ ತೆಗೆದುಬಿಟ್ಟಿದ್ದೆ. ಫಲಕ ಚೀಲಕ್ಕೆ ಹಾಕಿದ್ದೇನೆ, ಖಾನಾಪುರದ ಬಸ್ಸು ಹಿಡಿಯಬೇಕು.