ಎರಡನೇ ಕ್ರೂಸಿಬಲ್

ಮಾರ್ಚ್ 4, ಸೋಮವಾರ, ಮಧ್ಯಾಹ್ನ 3

ಮತ್ತೆ ಮೈಕ್ರೋಸ್ಕೋಪ್. ಮತ್ತೆ ಕುತ್ತಿಗೆ ನೋವು. ಸ್ಯಾಂಪಲ್ ಮಾತ್ರ ಸ್ವಚ್ಛ, ಒಂದು ಹರಳೂ ಇಲ್ಲ. ಲ್ಯಾಬಿನಲ್ಲಿ ಕ್ರೂಸಿಬಲ್ ಅನ್ನೋ ಪುಟ್ಟ ಬಟ್ಟಲಲ್ಲಿ ನಾವು ಬೇಯಿಸೋದು ವಿಕಿರಣವಿಲ್ಲದ ನಕಲು ಗಾಜು. ಅಸಲಿ ಇರೋದು ಪಕ್ಕದ ಕಟ್ಟಡದ ಮೆಲ್ಟರ್‌ನಲ್ಲಿ, ಅಣುತ್ಯಾಜ್ಯದ ಜೊತೆ; ತ್ಯಾಜ್ಯ ಹೊರಗೆ ಸೋರದ ಹಾಗೆ ಕರಗಿದ ಗಾಜಿಗೆ ಬೆರೆಸಿ ಡಬ್ಬಿಗೆ ಸುರೀತಾರೆ. ಆ ಗಾಜು ಸ್ವಲ್ಪ ತಣ್ಣಗಾಗಿ ಸುಮ್ಮನೆ ನಿಂತರೆ ಹರಳು ಹುಟ್ಟುತ್ತೆ, ತಳಕ್ಕೆ ಕೂರುತ್ತೆ, ಸುರಿಯೋ ಬಾಯಿ ಕಟ್ಟುತ್ತೆ. ಕಟ್ಟಿದರೆ ಮುಗೀತು. ಒಳಗೆ ಹೋಗಿ ಕೆರೆಯೋಕೆ ಮನುಷ್ಯರಿಂದಾಗಲ್ಲ.

ಮುಂದಿನ ಸೋಮವಾರದಿಂದ ಹತ್ತು ದಿನ ಮೆಲ್ಟರ್ ರಿಪೇರಿ. ಹರಳು ಬರಲ್ಲ ಅಂತ ನಾನು ಬರೆದುಕೊಟ್ಟರೆ ಅಷ್ಟು ದಿನ ಶಾಖ ಇಳಿಸಿ ಇಡ್ತಾರೆ. ಸ್ಯಾಂಪಲ್ ಏಳು ದಿನ ಫರ್ನೆಸ್‌ನಲ್ಲಿ ಇರಬೇಕು. ಇದು ಇದ್ದದ್ದು ಮೂರು ದಿನ. ಏಳು ತುಂಬೋದು ಶುಕ್ರವಾರ; ಆದರೆ ಗುರುವಾರ ಅಮ್ಮನ ಕಣ್ಣಿನ ಆಪರೇಷನ್, ಎರಡು ದಿನ ರಜೆ ಹಾಕಿದೀನಿ. ಮೂರು ದಿನಕ್ಕೆ ಬಾರದ್ದು ಏಳಕ್ಕೆ ಬರುತ್ತಾ? 'ಏಳು ದಿನ' ಅಂತಲೇ ಬರೆದೆ. ಶುಕ್ರವಾರ ಸಾಹೇಬರಿಗೆ ತಲುಪೋ ಹಾಗೆ ಮೇಲ್ ಶೆಡ್ಯೂಲ್ ಮಾಡಿಟ್ಟೆ.

ಮಾರ್ಚ್ 8, ಶುಕ್ರವಾರ

ಅಮ್ಮನ ಪಟ್ಟಿ ಬಿಚ್ಚಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ, ನಿನ್ನ ತಲೇಲಿ ಇಷ್ಟೊಂದು ಬಿಳಿಕೂದಲು ಯಾವಾಗ ಬಂತೇ?" ಅಂದಳು. ನರ್ಸು ಬಿದ್ದು ಬಿದ್ದು ನಕ್ಕಳು. ಇರಲಿ. ಕಣ್ಣು ಬಂತಲ್ಲ, ಅಷ್ಟೇ ಸಾಕು.

ಸಂಜೆ ಅಜ್ಜನ ಫೋನು. ಫರ್ನೆಸ್ ನೋಡ್ಕೊಳ್ಳೋರು. ವಯಸ್ಸು ಐವತ್ತೆರಡೇ, ತಲೆಯೆಲ್ಲ ಬೆಳ್ಳಗೆ, ಅದಕ್ಕೇ ಎಲ್ಲರಿಗೂ ಅಜ್ಜ.

"ಮೇಡಂ, ಆ ಗಾಜಿಂದು ಇನ್ನೊಂದು ಕ್ರೂಸಿಬಲ್ ಹಿಂದಿನ ಸಾಲಲ್ಲಿ ಇಟ್ಟಿದ್ದೆ. ಇವತ್ತಿಗೆ ಏಳು ದಿನ. ತೆಗೀಲಾ?"

ನಾನು ಮೂರು ದಿನಕ್ಕೇ ತೆಗೆದದ್ದು ಅವರಿಗೆ ಗೊತ್ತು. ಆದರೂ ಕೇಳಿದ್ದು ಇಷ್ಟೇ. ತೆಗೀರಿ, ನಾಳೆ ಬರ್ತೀನಿ ಅಂದೆ.

ಮಾರ್ಚ್ 9, ಶನಿವಾರ

ಬೆಳಿಗ್ಗೆ ನೋಡಿದೆ. ಕಪ್ಪು ಹರಳು, ಸಾಸಿವೆ ಚೆಲ್ಲಿದ ಹಾಗೆ. ಅರ್ಧಕ್ಕರ್ಧ ತಳದಲ್ಲಿ. ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಶಾಖ ಇಳಿಸೋರಿದ್ದರು.

"ಈ ಕ್ರೂಸಿಬಲ್ ನಂಬರ್ ಹಾಕಿ ರಿಪೋರ್ಟ್ ತಿದ್ದಿ ಕಳಿಸಿಬಿಡಿ, ಮೇಡಂ" ಅಂದರು ಅಜ್ಜ. "ನಾನೇನೂ ನೋಡಿಲ್ಲ."

ಇದೊಂದೇ ಆಗಿದ್ದರೆ ಹಾಗೇ ಮಾಡ್ತಿದ್ದೆ. ಸುಳ್ಳು ಯಾಕೆ ಹೇಳಲಿ. ಆದರೆ ಜನವರಿ ಸ್ಯಾಂಪಲ್ಲೂ ಐದು ದಿನಕ್ಕೇ ತೆಗೆದಿದ್ದೆ. ಆ ಹಳೇ ಮಿಶ್ರಣದ ಗಾಜೂ ಈಗ ಮೆಲ್ಟರ್ ತಳದಲ್ಲಿ ಉಳಿದಿದೆ. ಅದಕ್ಕೆ ಎರಡನೇ ಕ್ರೂಸಿಬಲ್ ಕೂಡ ಇಲ್ಲ.

ಸಾಹೇಬರ ಮನೆಗೇ ಹೋದೆ. ನಿಂತೇ ಹೇಳಿದೆ, ಎರಡನ್ನೂ. ಅವರ ಮುಖ ಕೆಂಪಾಯಿತು. ಮೊದಲು ಕಂಟ್ರೋಲ್ ರೂಮಿಗೆ ಫೋನ್ — "ಸೋಮವಾರ ಶಾಖ ಇಳಿಸೋದು ಬೇಡ, ಇನ್ನೂ ಸ್ವಲ್ಪ ಏರಿಸಿಡಿ." ಆಮೇಲೆ ನನಗೆ.

"ಆರು ತಿಂಗಳು ನಿಮ್ಮ ಸೈನ್ ನಡೆಯಲ್ಲ. ಜನವರಿದು ಮತ್ತೆ ಮಾಡಿ. ಏಳು ದಿನ."

"ಸರಿ, ಸಾರ್."

"ಜನವರಿದು ನೀವು ಬಾಯಿ ಬಿಡದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ. ಕೂತ್ಕೊಳ್ಳಿ, ನೀರು ಕುಡೀರಿ."

ಅತ್ತುಬಿಟ್ಟೆ. ನಾಚಿಕೆ ಅರ್ಧ, ನಿರಾಳ ಅರ್ಧ. ಕೆಲಸ ಉಳಿಯಿತು ಅನ್ನೋದು ಬಸ್ ಹತ್ತಿದ ಮೇಲೆ ಹೊಳೆಯಿತು.

ಮಾರ್ಚ್ 21, ಗುರುವಾರ

ರಿಪೇರಿ ಮುಗೀತು. ಜನವರಿ ಮಿಶ್ರಣ ಹೊಸದಾಗಿ ಮಾಡಿ ಹೋದ ಶನಿವಾರ ಫರ್ನೆಸ್ ಒಳಗೆ ಇಟ್ಟಿದೀನಿ. ಹತ್ತು ಗಂಟೆಗೆ ಮೊದಲ ಸುರಿತ. ವಿಕಿರಣ ತಡೆಯೋ ದಪ್ಪ ಹಳದಿ ಗಾಜಿನ ಕಿಟಕಿ ಮುಂದೆ ಎಲ್ಲರೂ. ಹಿಂದೆ ನಿಂತಿದ್ದೆ. "ಮುಂದೆ ಬನ್ನಿ" ಅಂದರು ಸಾಹೇಬರು.

ಒಂದು ನಿಮಿಷ... ಏನಿಲ್ಲ. ಎರಡು. ಅಜ್ಜನ ತೋಳು ಹಿಡಿದುಬಿಟ್ಟಿದ್ದೆ. ತೆಳ್ಳಗೆ ಒಂದು ಎಳೆ ಇಳಿಯಿತು. ಕಡಿಯಿತು. ಮತ್ತೆ ಇಳಿಯಿತು, ಬೆರಳು ಗಾತ್ರ, ಕೆಂಪಗೆ. ಈ ಸಲ ಕಡಿಯಲಿಲ್ಲ. ಡಬ್ಬಿ ತುಂಬೋವರೆಗೂ ಸುರಿಯಿತು!

ಸಾಹೇಬರು ತಿರುಗಲೇ ಇಲ್ಲ. "ಜನವರಿ ಸ್ಯಾಂಪಲ್ ಎಷ್ಟನೇ ದಿನ?"

"ಐದು, ಸಾರ್."

"ಇನ್ನೂ ಎರಡಿದೆ, ಹಾಗಾದ್ರೆ."

"ಇದೆ, ಸಾರ್."

ಊಟದ ಹೊತ್ತಿಗೆ ಫರ್ನೆಸ್ ರೂಮಿಗೆ ಹೋದೆ, ಅಜ್ಜನಿಗೆ ಬಾಯಿಬಿಟ್ಟು ಥ್ಯಾಂಕ್ಸ್ ಹೇಳೋಣ ಅಂತ. "ಆ ಶುಕ್ರವಾರ ನೀವು ಫೋನ್ ಮಾಡದೇ..." ಅನ್ನೋಷ್ಟರಲ್ಲಿ, "ಬಾಗಿಲು ಹಾಕ್ಕೊಳ್ಳಿ ಮೇಡಂ, ಎಸಿ ಗಾಳಿ ಹೋಗುತ್ತೆ" ಅಂದರು. ಹಾಕಿಕೊಂಡೆ. ಹಾಗೇ ಹೊರಟು ಬಂದೆ. ಎದುರಿಗೆ ನನ್ನಿಂದಾಗಲ್ಲ. ಇಲ್ಲಾದರೂ ಬರೆದಿಡ್ತೀನಿ. ಅಜ್ಜ, ನೀವು ಇಲ್ಲದೇ ಹೋಗಿದ್ದರೆ ಇವತ್ತು ಆ ಕಿಟಕಿ ಮುಂದೆ ನಾನು ನಿಂತಿರ್ತಿರಲಿಲ್ಲ. ಥ್ಯಾಂಕ್ಸ್.