ಉರುಳು ಬೀದಿಯ ಹೆಸರು ಅಳಿಸಿದವರಿಗೆ

ಮಾನ್ಯ ಪುರಸಭೆ ಮುಖ್ಯಾಧಿಕಾರಿಗಳೇ,

ಉರುಳು ಬೀದಿಗೆ ಮಂಗಳ ಬೀದಿ ಎಂದು ಹೆಸರಿಟ್ಟು ನೀವು ನನ್ನ ತಂಗಿಯ ಗಂಡನನ್ನು ಕೊಂದಿರಿ. ಈಗ ಅದೇ ಹೆಸರು ಹಿಡಿದುಕೊಂಡು ತಂಗಿಯನ್ನೂ ಅವಳ ಮಗಳನ್ನೂ ಕೊಲ್ಲಲು ಹೊರಟಿದ್ದೀರಿ. ಆರನೇ ತರಗತಿಗೇ ಶಾಲೆ ಬಿಟ್ಟವನು ನಾನು. ಇದನ್ನು ಇನ್ನೂ ಮರ್ಯಾದೆಯಾಗಿ ಬರೆಯುವುದು ಹೇಗೆಂದು ಗೊತ್ತಿಲ್ಲ. ಮಳೆಗಾಲ ಹತ್ತಿರ ಬಂದಿದೆ, ಕಲಿಯಲು ಪುರುಸೊತ್ತೂ ಇಲ್ಲ.

ನೀವು ಹೊರತಂದ ನಮ್ಮ ಊರಿನ ಇತಿಹಾಸದ ಪುಸ್ತಕ ನೋಡಿದೆ. ಬಣ್ಣದ ಫೋಟೋಗಳು ಚೆನ್ನಾಗಿವೆ, ಅರ್ಧಕ್ಕರ್ಧ ನಿಮ್ಮವೇ. ಉರುಳು ಎಂದರೆ ನೇಣಿನ ಕುಣಿಕೆಯಂತೆ, ಹಿಂದೆ ಆ ಬೀದಿಯಲ್ಲಿ ಕಳ್ಳರನ್ನು ನೇಣಿಗೆ ಹಾಕುತ್ತಿದ್ದರಂತೆ, ಆ ಅಪಶಕುನದ ಹೆಸರು ಕಿತ್ತೊಗೆದು ನೀವು ಊರಿಗೆ ಕಳೆ ತಂದಿರಂತೆ. ಸ್ವಾಮಿ, ಈ ಊರಿನಲ್ಲಿ ಯಾರು ಯಾರನ್ನು ನೇಣಿಗೆ ಹಾಕಿದರು? ಬೆಟ್ಟದಿಂದ ಮರ ಹೊತ್ತು ಇಳಿದವರು ಮುಂದೆ ನಡೆಯಲಾರದೆ ಬುಡದಲ್ಲೇ ಕುಸಿದು ಕೂತದ್ದೇ ನಮ್ಮ ಊರು. ಅವರ ಹಗ್ಗ ಇದ್ದದ್ದು ಹೊರೆ ಕಟ್ಟಲಿಕ್ಕೆ. ಕೆಸರಾಗುವ ಓಣಿಗೆ ಕೆಸರೋಣಿ ಎಂದರು, ಬಂಡೆ ಉರುಳಿ ಬರುವ ಬೀದಿಗೆ ಉರುಳು ಬೀದಿ ಎಂದರು. ಅದರ ಮೇಲ್ತುದಿಯಲ್ಲಿ ಸೌದೆ ಒಟ್ಟುತ್ತಿದ್ದರೇ ಹೊರತು ಮಕ್ಕಳನ್ನು ಮಲಗಿಸುತ್ತಿರಲಿಲ್ಲ. ಒಂದು ಪದಕ್ಕೆ ಎರಡು ಅರ್ಥ ಇರಬಹುದೆಂದು ನಮ್ಮ ಮೇಷ್ಟ್ರು ಆರನೆಯದರೊಳಗೇ ಹೇಳಿಕೊಟ್ಟಿದ್ದರು. ನೀವು ಅವತ್ತು ರಜೆ ಹಾಕಿದ್ದಿರೋ ಏನೋ.

ಹೊಸ ಬೋರ್ಡು ಬಂತು. ಸೌದೆ ಒಟ್ಟುವ ಜಾಗದಲ್ಲಿ ಮನೆ ಕಟ್ಟಲು ನೀವೇ ಪರವಾನಗಿ ಕೊಟ್ಟಿರಿ. ಬಂಡೆ ಬಂದು ಒಂದು ತಲೆಮಾರೇ ಆಗಿತ್ತು. ಮರೆಯುವುದರಲ್ಲಿ ನಮ್ಮ ಊರನ್ನು ಮೀರಿಸುವವರಿಲ್ಲ, ಹೆದರುವವನನ್ನು ಕಂಡರೆ ನಗುವುದರಲ್ಲೂ. ಬಸ್ ಕಂಡಕ್ಟರ್ ಆಗಿದ್ದ ತಂಗಿಯ ಗಂಡ ತುದಿಯ ಮನೆಯನ್ನು ಬಾಡಿಗೆಗೆ ಹಿಡಿದ. ಬೇಡ ಎಂದು ಕೈ ಮುಗಿದೆ. "ಭಾವ, ಹಾಸಿಗೆ ಹೊಲಿದೂ ಹೊಲಿದೂ ನಿಮ್ಮ ತಲೆಗೂ ಹತ್ತಿ ತುಂಬ್ಕೊಂಡಿದೆ. ಬೋರ್ಡ್ ನೋಡಿ, ಮಂಗಳ ಅಂತಿದೆ" ಅಂದ. ಫ್ಯಾನಿನ ಕೆಳಗೆ ಮಲಗಲೂ ಹೆದರುವವನು ನಾನು, ನನ್ನ ಮಾತು ಯಾರು ಕೇಳುತ್ತಾರೆ?

ಹೋದ ಮಳೆಗಾಲದಲ್ಲಿ ಬಂಡೆ ಅಡುಗೆಮನೆಯ ಗೋಡೆ ಒಡೆದು, ಟೀ ಸೋಸುತ್ತಿದ್ದವನ ಮೇಲೆ ಕೂತಿತು. ಅವನಿಗೆ ಇನ್ನೂ ಉಸಿರಿತ್ತು. ಬಂಡೆ ಎತ್ತುವ ಯಂತ್ರ ಕಳಿಸಿ ಎಂದು ತಂಗಿ ನಿಮ್ಮ ಕಚೇರಿಗೆ ಫೋನ್ ಮಾಡಿದಳು. ಯಾವ ಬೀದಿ ಎಂದರು. ಹುಟ್ಟಿದಾಗಿನಿಂದ ಕೇಳಿದ ಹೆಸರೇ ಬಾಯಿಗೆ ಬಂತು. ಉರುಳು ಬೀದಿ ಎಂಬುದು ಈ ಊರಿನಲ್ಲಿಲ್ಲ ಎಂದು ಹೇಳಿ ಫೋನ್ ಇಟ್ಟರು. ಅವನನ್ನು ಮಣ್ಣು ಮಾಡಿ ಬಂದ ಮೇಲೆ ತಂಗಿ ನನ್ನನ್ನು ಕೇಳಿದ್ದು ಒಂದೇ ಮಾತು: "ಹೆಸರು ಬದಲಾಗಿದ್ದು ಕಲ್ಲಿಗೆ ಯಾರೂ ಹೇಳ್ಲಿಲ್ವಾ ಅಣ್ಣ?"

ತಂಗಿ, ಮಗಳು ಇನ್ನೂ ಇರುವ ಆ ಮನೆಯ ನೆತ್ತಿಯ ಮೇಲೆ ಇನ್ನೊಂದು ಬಂಡೆ ಬಿರುಕು ಬಿಟ್ಟು ವಾಲಿದೆ. ನನ್ನದು ಅಂಗಡಿಯ ಹಿಂದಿನ ಒಂದೇ ಕೋಣೆ, ತುಂಬ ಹತ್ತಿಯ ದೂಳು. ತಂಗಿಯ ಮಗಳಿಗೆ ಉಬ್ಬಸ, ಅಲ್ಲಿ ಉಸಿರೇ ಕಟ್ಟುತ್ತದೆ. ನಿಮ್ಮ ಕಚೇರಿಯ ಹಿಂದೆ ಕ್ವಾರ್ಟರ್ಸುಗಳು ಬೀಗ ಹಾಕಿಕೊಂಡು ಬಿದ್ದಿವೆ. ಅದರಲ್ಲೊಂದನ್ನು ಕೇಳಲು ತಂಗಿ ಬಂದಾಗ ನೀವು ಕಡತದಿಂದ ತಲೆ ಎತ್ತಲಿಲ್ಲ. ಮಂಗಳ ಬೀದಿಗೆ ಬಂಡೆ ಬೀಳುವ ಇತಿಹಾಸವೇ ಇಲ್ಲ ಎಂದಿರಿ. ನನ್ನ ಗಂಡ, ಎಂದು ಅವಳು ಬಾಯಿ ತೆರೆದಳು.

"ಒಂದ್ಸಲ ಬಿದ್ರೆ ಅದು ಇತಿಹಾಸ ಆಗಲ್ಲಮ್ಮ."

ಎಷ್ಟು ಹೆಣ ಬಿದ್ದರೆ ಆಗುತ್ತದೆ, ಸಾರ್? ಅಡುಗೆಮನೆಯಲ್ಲಿ ಇನ್ನೂ ಜಾಗವಿದೆ.

ಮೊದಲ ಮಳೆಗೆ ಮುಂಚೆ ತಂಗಿಗೆ ಕ್ವಾರ್ಟರ್ಸು ಕೊಡಿ. ಬೀದಿಗೆ ಅದರ ಹೆಸರು ವಾಪಸು ಕೊಡಿ. ಎರಡೂ ಆಗದಿದ್ದರೆ ಅವಳ ಪಕ್ಕದ ಮನೆ ಖಾಲಿ ಇದೆ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ಸಂಸಾರ ಹೂಡಿ. ಹಾಸಿಗೆಗಳನ್ನು ನಾನೇ ಹೊಲಿದು ತರುತ್ತೇನೆ. ನಾನೇ ಹಾಸಿಯೂ ಕೊಡುತ್ತೇನೆ, ಬೆಟ್ಟದ ಕಡೆಗೆ ತಲೆ ಬರುವ ಹಾಗೆ.

ಇಂತಿ,
ಊರಿಗೆಲ್ಲ ಹಾಸಿಗೆ ಹೊಲಿದುಕೊಟ್ಟು, ತಾನು ಕಣ್ಣು ಮುಚ್ಚಲಾರದ ಒಬ್ಬ ಪುಕ್ಕಲ