ಮೂಡಣ ಕಿಟಕಿಯ ವಿಷಯ

ಮನೆ ಯಜಮಾನರಿಗೆ ನಮಸ್ಕಾರಗಳು.

ಬೇರೆಯವರ ಬಾಯಿಂದ ನಿಮ್ಮ ಕಿವಿಗೆ ಬೀಳುವ ಮೊದಲು ನಾನೇ ತಿಳಿಸುತ್ತಿದ್ದೇನೆ. ನಮ್ಮ ಬಾಡಿಗೆ ಕೋಣೆಯಲ್ಲಿ ನೀವು ಮೊಳೆ ಹೊಡೆಸಿ ಮುಚ್ಚಿಸಿದ್ದ ಮೂಡಣ ಕಿಟಕಿಯನ್ನು ಕಳೆದ ವಾರ ನಿಮ್ಮನ್ನು ಕೇಳದೆ ತೆರೆದೆ.

ಅಪ್ಪ ನಲವತ್ತು ವರ್ಷ ನಿಘಂಟು ಕಚೇರಿಯಲ್ಲಿ ಇಂಗ್ಲಿಷ್ ಪದಗಳ ಮೂಲ ಹುಡುಕಿದವರು. ಈಗ ಉಬ್ಬಸದಿಂದ ಹಾಸಿಗೆ ಹಿಡಿದಿದ್ದರೂ ದಿನಕ್ಕೊಂದು ಪದ ಹೇಳಿ ನನ್ನಿಂದ ಬರೆಸುತ್ತಾರೆ. ಅಂದು ‘ವಿಂಡೋ’ ಪದದ ಸರದಿ.

“ಅದು ಹಳೆಯ ನಾರ್ಸ್ ಭಾಷೆಯ ‘ವಿಂಡ್‌ಔಗ’ದಿಂದ ಬಂದದ್ದು ಕಣಮ್ಮ. ಗಾಳಿಯ ಕಣ್ಣು ಅಂತ ಅರ್ಥ. ಆ ‘ಔಗ’, ನಮ್ಮ ಗವಾಕ್ಷಿಯಲ್ಲಿರೋ ‘ಅಕ್ಷಿ’, ಎರಡೂ ಒಂದೇ ತಾಯಿಯ ಮಕ್ಕಳು” ಎಂದರು. ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ. ಮುಚ್ಚಿದ ಕಿಟಕಿಯತ್ತ ಕೈ ತೋರಿಸಿದರು. ನಾನು ಇಕ್ಕಳ ತಂದು ಮೊಳೆ ಕಿತ್ತೆ.

ಕದ ತೆರೆದರೆ ಆಚೆ ಅಂಗಳದಲ್ಲಿ ನಿಮ್ಮ ತಮ್ಮ ಹಲ್ಲುಜ್ಜುತ್ತಿದ್ದರು. ನಿಮ್ಮಿಬ್ಬರಿಗೆ ಹನ್ನೊಂದು ವರ್ಷದಿಂದ ಮಾತುಕತೆ ಇಲ್ಲವೆಂಬುದು ನನಗೆ ಗೊತ್ತು. ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಅವರು ಬಾಯಿ ಮುಕ್ಕಳಿಸಿ, ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಅಣ್ಣನೇ ತೆಗಿಸಿದ್ನಾ?”

ಇಲ್ಲವೆನ್ನಲು ನಾಲಿಗೆ ಹೊರಳಲಿಲ್ಲ. “ಹೌದು” ಎಂದುಬಿಟ್ಟೆ.

ಅಂದಿನಿಂದ ದಿನಾ ಬೆಳಿಗ್ಗೆ ಕಿಟಕಿಯ ಬಳಿ ಬಂದು ಅಪ್ಪನ ಉಸಿರಾಟ ವಿಚಾರಿಸುತ್ತಾರೆ. ಆಮೇಲೆ ನಿಮ್ಮ ಮಂಡಿನೋವು ಹೇಗಿದೆಯೆಂದು ಕೇಳುತ್ತಾರೆ.

ಕಿಟಕಿಯನ್ನು ಮತ್ತೆ ಮುಚ್ಚಿಸುವುದಾದರೆ ನನ್ನ ತಕರಾರಿಲ್ಲ, ಅಪ್ಪನ ಮಂಚವನ್ನು ನಡುಮನೆಗೆ ಸರಿಸುತ್ತೇನೆ. ಆದರೆ ನಾನು ಹೇಳಿದ್ದು ಸುಳ್ಳೆಂದು ನಿಮ್ಮ ತಮ್ಮನಿಗೆ ನೀವೇ ಹೇಳಬೇಕು. ನನ್ನಿಂದ ಅದಾಗದು.

ಇಂತಿ,
ಹಿಂಬದಿ ಕೋಣೆಗಳ ಬಾಡಿಗೆದಾರಳು